ಗುಂಡಿಗೆ ಕವಾಟದ ರಫು: ಕ್ಲಾಸಿನಲ್ಲಿ ತೋರಿಸುವುದು ಹೇಗೆ

ಮೊದಲು ಮಟನ್ ಅಂಗಡಿಗೆ ಹೋಗಬೇಕು. ನಾನು ಗದಗ-ಬೆಟಗೇರಿಯಲ್ಲಿ ಪಿಯುಸಿ ಮಕ್ಕಳಿಗೆ ಬಯಾಲಜಿ ಹೇಳುತ್ತೇನೆ. ಹೃದಯದ ಪಾಠ ಬಂದಾಗ, ಗಾಯವಾದ ಕವಾಟ ತನ್ನನ್ನು ತಾನೇ ಹೇಗೆ ರಫು ಮಾಡಿಕೊಳ್ಳುತ್ತದೆ ಎಂದು ತೋರಿಸಲು ಒಂದು ಕುರಿ ಗುಂಡಿಗೆ ತರುತ್ತೇನೆ. ಕವಾಟ ಅಂದರೆ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಬಾಗಿಲು. ಮೊದಲ ವರ್ಷ ಅಂಗಡಿಯವರು ಅಡುಗೆಗೇ ಅಂದುಕೊಂಡು ನಾಲ್ಕು ಹೋಳು ಮಾಡಿ ಕೊಟ್ಟಿದ್ದರು. ಕವಾಟ ಯಾವುದು, ಗೋಡೆ ಯಾವುದು ಗೊತ್ತಾಗಲಿಲ್ಲ. ಈಗ ಮೊದಲೇ ಹೇಳಿಬಿಡುತ್ತೇನೆ.

"ಗುಂಡಿಗಿ ಹೆಚ್ಚಬ್ಯಾಡ್ರಿ. ಮ್ಯಾಲಿನ ಕೊಳವಿ ಸಮೇತ ಇಡೀದು ಕೊಡ್ರಿ."

"ಅಡಿಗಿಗೆ ಅಲ್ಲೇನ್ರಿ ಅಕ್ಕಾರ?"

"ಅಲ್ರಿ, ಕಾಲೇಜಿಗೆ."

ಮಾಂಸ ಮುಟ್ಟದ ಮಕ್ಕಳು ನಮ್ಮಲ್ಲಿ ಜಾಸ್ತಿ. ಯಾರಿಗೂ ಒತ್ತಾಯ ಮಾಡಬೇಡಿ. ನಾನು ಟ್ರೇ ಇಡುವುದು ವರಾಂಡದಲ್ಲಿ, ನೋಡಬೇಕು ಅನ್ನುವವರು ಬರುತ್ತಾರೆ. ನಿಜ ಹೇಳಬೇಕೆಂದರೆ, ಮೊದಲು ಮೂಗು ಮುಚ್ಚಿಕೊಂಡವರೇ ಕೊನೆಗೆ ಮುಂದಿನ ಸಾಲಿನಲ್ಲಿ ಇರುತ್ತಾರೆ.

ಗ್ಲೌಸ್ ಹಾಕಿಕೊಳ್ಳಿ. ಒಳಗಿನ ಹೆಪ್ಪುಗಟ್ಟಿದ ರಕ್ತವನ್ನು ತಣ್ಣೀರಿನಲ್ಲಿ ತೊಳೆಯಿರಿ. ಕೊಯ್ಯುವ ಮೊದಲು ನೀರಿನ ಪರೀಕ್ಷೆ ಮಾಡಿ. ಗುಂಡಿಗೆಯಿಂದ ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯ ದಪ್ಪ ಕೊಳವೆಗೆ ಚೊಂಬಿನಿಂದ ನಿಧಾನವಾಗಿ ನೀರು ಸುರಿಯಿರಿ. ನೀರು ಕೆಳಗಿಳಿಯದೆ ನಿಲ್ಲುತ್ತದೆ. ಒಳಗೆ ಮೂರು ಪುಟ್ಟ ಜೇಬುಗಳು ಉಬ್ಬಿ, ಒಂದಕ್ಕೊಂದು ತಾಗಿ ಬಾಗಿಲು ಹಾಕಿರುತ್ತವೆ. ಮಟ್ಟ ಸ್ವಲ್ಪಸ್ವಲ್ಪ ಇಳಿದರೆ ಗಾಬರಿ ಬೇಡ. ಗುಂಡಿಗೆಗೇ ರಕ್ತ ಕೊಡುವ ನಾಳಗಳ ಬಾಯಿ ಅಲ್ಲೇ ಇದೆ, ನೀರು ಅದರೊಳಗೂ ಹೋಗುತ್ತದೆ.

ಆಮೇಲೆ ಎಡ ಹೃತ್ಕುಕ್ಷಿಯ, ಅಂದರೆ ಎಡಗಡೆಯ ಕೆಳಕೋಣೆಯ, ದಪ್ಪ ಗೋಡೆಯನ್ನು ತುದಿಯಿಂದ ಮೇಲಕ್ಕೆ ಕೊಯ್ಯಿರಿ. ಎರಡು ದಳದ ಮೈಟ್ರಲ್ ಕವಾಟ ಸಿಗುತ್ತದೆ. ದಳದ ಅಂಚಿಗೆ ಬಿಳಿ ನೂಲುಗಳು ಕಟ್ಟಿರುತ್ತವೆ. ಒಂದು ದಳವನ್ನು ಬೆಳಕಿಗೆ ಹಿಡಿಸಿ. ಆಚೆಯ ಬೆರಳು ಮಸುಕಾಗಿ ಕಾಣುತ್ತದೆ. ಈಗ ಎಳೆಯಲು ಹೇಳಿ. ಹರಿಯುವುದಿಲ್ಲ! ಮನುಷ್ಯನ ಕವಾಟದ ದಳವೂ ಹೀಗೇ ತೆಳು, ಒಂದು ಮಿಲಿಮೀಟರಿಗಿಂತ ಕಡಿಮೆ. ನಿಮಿಷಕ್ಕೆ 70 ಬಡಿತ ಅಂದರೆ ದಿನಕ್ಕೆ ಒಂದು ಲಕ್ಷ ಸಲ ಅದು ತೆರೆದು ಮುಚ್ಚಬೇಕು.

ಇಲ್ಲಿ ನಿಲ್ಲಿಸಿ ಕೇಳಿ: ಇಷ್ಟು ತೆಳು ಪರದೆಗೆ ಗಾಯವಾದರೆ ರಿಪೇರಿ ಮಾಡುವವರು ಯಾರು?

"ರಕ್ತ ಹೆಪ್ಪುಗಟ್ಟತೈತಿ, ಚರ್ಮ ಮಾಯ್ದಂಗ ಮಾಯತೈತ್ರಿ" ಎಂದು ಯಾರಾದರೂ ಹೇಳುತ್ತಾರೆ. ತಪ್ಪು ಎಂದು ಹೇಳಿಬಿಡಬೇಡಿ. ಎರಡು ತೊಡಕು ತೋರಿಸಿ. ಆರೋಗ್ಯವಂತ ದಳದಲ್ಲಿ ರಕ್ತನಾಳ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿನ ಕೋಶಗಳಿಗೆ ಆಕ್ಸಿಜನ್ ಸಿಗುವುದು ಅಕ್ಕಪಕ್ಕ ಹರಿಯುವ ರಕ್ತದಿಂದ ಜಿನುಗಿ. ಎರಡನೆಯದು, ಮುರಿದ ಕೈಗೆ ಪಟ್ಟಿ ಕಟ್ಟಿ ಅಲ್ಲಾಡದಂತೆ ಇಡಬಹುದು, ಕವಾಟಕ್ಕೆ ಒಂದು ದಿನವೂ ರಜೆ ಇಲ್ಲ. ನಮ್ಮಪ್ಪ ಬೆಟಗೇರಿಯಲ್ಲಿ ಸೀರೆ ನೇಯುತ್ತಿದ್ದರು. ಹಾಸಿನ ಎಳೆ ಹರಿದರೆ ಮಗ್ಗ ನಿಲ್ಲಿಸಿ ಗಂಟು ಹಾಕುತ್ತಿದ್ದರು. ಕವಾಟದಲ್ಲಿ ಮಗ್ಗ ಓಡುತ್ತಿರುವಾಗಲೇ ಗಂಟು ಬೀಳಬೇಕು.

ದಳದ ಹೊರಮೈಗೆ ಒಂದು ಪದರ ಕೋಶಗಳ ಹೊದಿಕೆ ಇದೆ. ಒಳಗೆ ಮೂರು ಪದರ: ಕೊಲಾಜೆನ್ ಎಂಬ ಗಟ್ಟಿ ನಾರು ಇರುವ ಪದರ, ಮಧ್ಯೆ ಸ್ಪಂಜಿನಂಥದ್ದು, ಇನ್ನೊಂದು ಕಡೆ ಎಲಾಸ್ಟಿನ್ ಎಂಬ ಹಿಗ್ಗುವ ನಾರು ಇರುವ ಪದರ. ಇವುಗಳ ನಡುವೆ ಕೂತಿರುವವೇ ಕವಾಟದ ಒಳಕೋಶಗಳು. ಮಾಮೂಲಿ ದಿನಗಳಲ್ಲಿ ಇವು ಶಾಂತ. ಸವೆದ ಎಳೆ ತೆಗೆದು ಹೊಸದು ಸೇರಿಸುವಷ್ಟೇ ಕೆಲಸ. ಗಾಯವಾದರೆ ಟಿಜಿಎಫ್-ಬೀಟಾದಂಥ ಪ್ರೋಟೀನುಗಳು ಕೂಗಿ ಎಬ್ಬಿಸುತ್ತವೆ. ಕೋಶ ವೇಷ ಬದಲಿಸುತ್ತದೆ. ಸ್ನಾಯುವಿನಲ್ಲಿರುವಂಥ ಆಕ್ಟಿನ್ ಹಗ್ಗಗಳನ್ನು ಒಳಗೆ ಕಟ್ಟಿಕೊಂಡು, ಗಾಯದ ಕಡೆ ತೆವಳಿ, ಕೊಲಾಜೆನ್ ಸುರಿಸಿ, ಅಂಚುಗಳನ್ನು ಎಳೆದು ಸೇರಿಸುತ್ತದೆ.

ಲ್ಯಾಬಿನಲ್ಲಿ ಇದನ್ನು ನೋಡುವ ರೀತಿ ಬಹಳ ಸರಳ. ಹಂದಿಯ ಕವಾಟದ ಕೋಶಗಳನ್ನು ತಟ್ಟೆಯಲ್ಲಿ 37 ಡಿಗ್ರಿಯಲ್ಲಿ ಒತ್ತೊತ್ತಾಗಿ ಬೆಳೆಸುತ್ತಾರೆ. ಪಿಪೆಟ್ ತುದಿಯಿಂದ ಒಂದು ಗೀರು ಎಳೆಯುತ್ತಾರೆ. ಗೀರು ಹೇಗೆ ತುಂಬುತ್ತದೆ ಎಂದು ಗಂಟೆಗಟ್ಟಲೆ ಫೋಟೋ ತೆಗೆಯುತ್ತಾರೆ. ನಮ್ಮಲ್ಲಿ ಆ ಸೌಕರ್ಯ ಇಲ್ಲ, ಅಂಗಳ ಇದೆ.

ಮೂವತ್ತು ಮಕ್ಕಳನ್ನು ಭುಜಕ್ಕೆ ಭುಜ ತಾಗಿಸಿ ಸಾಲುಸಾಲಾಗಿ ನಿಲ್ಲಿಸಿ. ನಡುವಿನ ಎರಡು ಸಾಲು ಆಚೆ ಕಳಿಸಿ. ಇದೇ ಗೀರು. ಸೀಟಿ ಊದಿದರೆ ಟಿಜಿಎಫ್-ಬೀಟಾ ಬಂತು ಅಂತ ಲೆಕ್ಕ. ಹೊರಡಬೇಕಾದವರು ಗೀರಿನ ಅಂಚಿನಲ್ಲಿರುವವರು ಮಾತ್ರ. ಮೊದಲು ಒಂದು ಕಾಲು ಮುಂದೆ ಚಾಚಿ ಊರಬೇಕು, ಆಮೇಲೆ ಮೈ ಎಳೆದುಕೊಳ್ಳಬೇಕು. ಕೋಶವೂ ಹಾಗೇ ನಡೆಯುತ್ತದೆ. ಎದುರಿನವರ ಭುಜ ತಾಗಿದ ಕೂಡಲೇ ನಿಲ್ಲಬೇಕು.

ಎರಡನೇ ಸುತ್ತಿಗೆ ಮೊದಲು ಒಬ್ಬ ಗಟ್ಟಿ ಹುಡುಗನ ಕಿವಿಯಲ್ಲಿ ಹೇಳಿ: "ಭುಜ ತಾಗಿದ್ರೂ ನಿಲ್ಲಬ್ಯಾಡ, ಜಗ್ಗತಾನೇ ಇರು." ಅರ್ಧ ನಿಮಿಷದಲ್ಲಿ ಸಾಲೆಲ್ಲ ಮುದುಡಿ ಕೂಗಾಟ ಶುರು. ನನಗೆ ಇಡೀ ಪಾಠದಲ್ಲಿ ಮುಖ್ಯ ಅನಿಸುವುದು ಈ ಅರ್ಧ ನಿಮಿಷವೇ. ರಫು ಮುಗಿದ ಮೇಲೆ ಎದ್ದ ಕೋಶಗಳು ಸಾಯಬೇಕು, ಇಲ್ಲವೇ ಮತ್ತೆ ಶಾಂತವಾಗಬೇಕು. ಹೊಲಿಯುತ್ತಲೇ ಕೂತರೆ ದಳ ದಪ್ಪಗಾಗಿ ಬಿರುಸಾಗುತ್ತದೆ. ಬಿರುಸಾದ ಜಾಗವೇ ಕೋಶವನ್ನು ಇನ್ನಷ್ಟು ಎಬ್ಬಿಸುತ್ತದೆ. ಕೆಲವು ಕೋಶಗಳು ಮೂಳೆ ಕೋಶದಂತೆ ವರ್ತಿಸಿ ಕ್ಯಾಲ್ಸಿಯಂ ಕೂಡಿಸುತ್ತವೆ.

ಪ್ರಶ್ನೆಗಳಿಗೆ ಹತ್ತು ನಿಮಿಷ ಉಳಿಸಿಕೊಳ್ಳಿ. ಹೋದ ವರ್ಷ ಒಬ್ಬಳು ಕೇಳಿದಳು: "ನಮ್ಮ ದೊಡ್ಡವ್ವಗ ವಾಲ್ವ್ ಹಾಕ್ಯಾರ್ರಿ. ಅಕಿದು ಯಾಕ ತಾನ ಮಾಯಲಿಲ್ರಿ ಮೇಡಂ?" ಅವರಿಗೆ ಬಂದಿದ್ದು ರುಮಾಟಿಕ್ ಜ್ವರ. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಗಂಟಲು ನೋವಿನ ನಂತರ ಮೈಯ ರಕ್ಷಣಾ ಪಡೆ ದಾರಿ ತಪ್ಪಿ ಕವಾಟದ ಮೇಲೂ ಬೀಳುತ್ತದೆ. ಮತ್ತೆಮತ್ತೆ ಬಂದರೆ ರಫಿನ ಮೇಲೆ ರಫು. ದಳದ ಅಂಚುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಕೊಡುವುದು ಆ ಮರುದಾಳಿ ತಡೆಯಲಿಕ್ಕೆ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿದ, 1990ರಲ್ಲಿ ಮೊದಲ ಸಲ ರೋಗಿಗೆ ಹಾಕಿದ ಕೃತಕ ಕವಾಟದ ಚಿತ್ರ ತೋರಿಸಿದೆ. "ಇದರಾಗ ಕೋಶ ಅದಾವೇನ್ರಿ?" ಅಂದಳು. ಇಲ್ಲ, ಅದಕ್ಕೆ ರಫು ಮಾಡುವವರೂ ಇಲ್ಲ.

ಟ್ರೇ ತೊಳೆಯುವುದನ್ನು ಅಟೆಂಡರ್ ಮೇಲೆ ಹಾಕಬೇಡಿ. ಗುಂಡಿಗೆಯನ್ನು ಆಳವಾಗಿ ಹೂತುಬಿಡಿ. ಸುಮ್ನೆ ಕಸದ ಬುಟ್ಟಿಗೆ ಹಾಕಿದರೆ ಮಧ್ಯಾಹ್ನದೊಳಗೆ ಓಣಿಯ ನಾಯಿಗಳೆಲ್ಲ ಪ್ರಾಕ್ಟಿಕಲ್‌ಗೆ ಹಾಜರಾಗುತ್ತವೆ.