ಮರಳದಿಣ್ಣೆ ಕರಗುತ್ತಿದೆಯಾ, ಸರಿಯುತ್ತಿದೆಯಾ? ನೀವೇ ಅಳೆದು ನೋಡಿ

ಪ್ರತಿ ಜುಲೈಯಲ್ಲೂ ಯಾರಾದರೂ ಒಬ್ಬರು ಕಾರವಾರದ ಕಡಲತೀರದ ಫೋಟೋ ಹಾಕಿ 'ಕಡಲು ನುಂಗಿತು' ಅಂತ ಬರೆಯುತ್ತಾರೆ. ಅದೊಂದರಿಂದ ಏನೂ ಗೊತ್ತಾಗುವುದಿಲ್ಲ. ಮಳೆಗಾಲದ ದೊಡ್ಡ ಅಲೆ ಮರಳು ಎಳೆದುಕೊಂಡು ಹೋಗುತ್ತದೆ, ಮಳೆ ನಿಂತ ಮೇಲೆ ಸಣ್ಣ ಅಲೆ ಅದರಲ್ಲಿ ಬಹುಪಾಲನ್ನು ವಾಪಸ್ ತರುತ್ತದೆ. ಹಾಗಾಗಿ ಜುಲೈಯನ್ನು ಜನವರಿ ಜೊತೆ ಹೋಲಿಸಬೇಡಿ. ಈ ಮೇ ತಿಂಗಳನ್ನು ಮುಂದಿನ ಮೇ ಜೊತೆ ಹೋಲಿಸಿ.

ಅಮೆರಿಕದ ಪೂರ್ವ ಕರಾವಳಿಯಲ್ಲಿರುವಂಥ ಉದ್ದುದ್ದ ಮರಳ ದ್ವೀಪಗಳು ನಮ್ಮಲ್ಲಿಲ್ಲ. ನಮ್ಮಲ್ಲಿರುವುದು ಅಳಿವೆ ಬಾಯಿಯ ಮರಳದಿಣ್ಣೆಗಳು. ಕಾಳಿ ನದಿಯ ಪಕ್ಕ ದೇವಬಾಗ, ಹೊನ್ನಾವರದಲ್ಲಿ ಶರಾವತಿಯ ಬಾಯಿ. ನಡೆಯುವ ಕೆಲಸ ಮಾತ್ರ ಒಂದೇ: ಸಮುದ್ರಮಟ್ಟ ಏರಿದಂತೆ ದೊಡ್ಡ ಅಲೆಗಳು ಮುಂದಿನ ಮರಳನ್ನು ದಿಣ್ಣೆಯ ಮೇಲಿಂದ ಹಿಂದಕ್ಕೆ ಎಸೆಯುತ್ತವೆ, ಮುಂದೆ ಸವೆಯುತ್ತದೆ, ಹಿಂದೆ ಬೆಳೆಯುತ್ತದೆ, ಇಡೀ ದಿಣ್ಣೆಯೇ ನೆಲದ ಕಡೆ ಸರಿಯುತ್ತದೆ. ಉತ್ತರ ಕೆರೊಲಿನಾದ ಕೇಪ್ ಹ್ಯಾಟರಸ್ ದೀಪಸ್ತಂಭವನ್ನು 1999ರಲ್ಲಿ ಸುಮಾರು 880 ಮೀಟರ್ ಹಿಂದಕ್ಕೆ ಸರಿಸಿದ್ದು ಇದೇ ಕಾರಣಕ್ಕೆ. ಅಲ್ಲಿ ಹಿಂದೆ ಜಾಗ ಇತ್ತು. ನಮ್ಮಲ್ಲಿ ಇದೆಯಾ ಅನ್ನೋದೇ ಪ್ರಶ್ನೆ.

ಅಳೆಯಲು ಒಂದೇ ಎತ್ತರದ ಎರಡು ಕೋಲು, ಎರಡು ಮೀಟರ್ ಹಗ್ಗ, ಜೊತೆಗೊಬ್ಬರು ಸಾಕು. ಹಿಂದಿನ, ಅಂದರೆ ನೆಲದ ಕಡೆ ನಿಲ್ಲುವ ಕೋಲಿಗೆ ಮೇಲಿನಿಂದ ಸೆಂಟಿಮೀಟರ್ ಗುರುತು ಹಾಕಿ. ಬಾವಿಕಟ್ಟೆಯೋ ಗುಡಿಯ ಮೆಟ್ಟಿಲೋ, ಅಲುಗದ ಒಂದು ಜಾಗದಿಂದ ಶುರು ಮಾಡಿ. ಒಂದು ಕೋಲು ಅಲ್ಲಿ, ಇನ್ನೊಂದು ಹಗ್ಗದಷ್ಟು ದೂರ ಕಡಲ ಕಡೆ. ಹಿಂದಿನ ಕೋಲಿನ ಹತ್ತಿರ ನಿಂತು ಮುಂದಿನ ಕೋಲಿನ ತುದಿ ಮತ್ತು ದಿಗಂತ ಒಂದೇ ಗೆರೆಗೆ ಬರುವ ಹಾಗೆ ನೋಡಿ. ಆ ಗೆರೆ ಹಿಂದಿನ ಕೋಲನ್ನು ತುದಿಯಿಂದ ಎಷ್ಟು ಕೆಳಗೆ ಮುಟ್ಟುತ್ತದೋ ಅಷ್ಟು ಇಳಿಜಾರು. ಬರೆದುಕೊಳ್ಳಿ, ಮುಂದೆ ಹೋಗಿ, ನೀರಿನ ತನಕ. ಇಳಿತದ ಹೊತ್ತಿಗೇ ಹೋಗಿ, ಇಲ್ಲದಿದ್ದರೆ ಸುಮ್ನೆ ಒದ್ದೆಯಾಗ್ತೀರಿ.

ಆಮೇಲೆ ದಿಣ್ಣೆಯ ಹಿಂಬದಿಗೆ ಹೋಗಿ, ಹೆಚ್ಚಿನವರು ನೋಡದೇ ಬಿಡುವುದು ಇದನ್ನೇ. ಗಿಡಗಳ ಮೇಲೆ ಹೊಸ ಮರಳು ಹರಡಿದ್ದರೆ ದಿಣ್ಣೆ ಸರಿಯುತ್ತಿದೆ ಅಂತ, ಗಾಬರಿ ಬೇಡ. ಮುಂದೆ ಮಾತ್ರ ಸವೆದು, ಹಿಂದೆ ರಸ್ತೆಯೋ ರೆಸಾರ್ಟಿನ ಕಾಂಪೌಂಡೋ ಅಡ್ಡ ನಿಂತಿದ್ದರೆ ಗಾಬರಿಯಾಗಬೇಕು. ಕಲ್ಲಿನ ತಡೆಗೋಡೆ ಹಿಂದಿನ ಮನೆ ಉಳಿಸಬಹುದು, ಆದರೆ ಗೋಡೆಗೆ ಬಡಿದ ಅಲೆ ಅದರ ಬುಡದ ಮರಳನ್ನೇ ಕೊರೆಯುತ್ತದೆ, ಗೋಡೆ ಮುಗಿದಲ್ಲಿ ಪಕ್ಕದವರ ತೀರವನ್ನೂ.

ಅಲ್ಲಿಗೆ ಕಡಲಾಮೆಗೂ ಜಾಗ ಹೋಯಿತು. ಆಲಿವ್ ರಿಡ್ಲೆ ತೋಡುವ ಗುಂಡಿ ಒಂದೂವರೆ ಅಡಿ ಆಳ, ಮೊಟ್ಟೆ ಒಡೆಯಲು 45ರಿಂದ 60 ದಿನ. ಅಷ್ಟರಲ್ಲಿ ಮೂರು ನಾಲ್ಕು ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಉಬ್ಬರ ಬಂದೇ ಬರುತ್ತದೆ. ನೀರು ನಿಂತರೆ ಮೊಟ್ಟೆಯೊಳಗಿನ ಮರಿಗೆ ಉಸಿರಿಲ್ಲ. ಹೆಜ್ಜೆ ಜಾಡು ಕಂಡರೆ ಗುಂಡಿಯಿಂದ ಉಬ್ಬರದ ಕಸದ ಗೆರೆಗೆ ಎಷ್ಟು ಹೆಜ್ಜೆ ಅಂತ ದೂರದಿಂದಲೇ ಅಂದಾಜು ಮಾಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ. ಅಗೆಯಬೇಡಿ, ಕಾನೂನಿನ ಪ್ರಕಾರ ಅದು ಅಪರಾಧ.

ದಿಣ್ಣೆಯ ಮೇಲೆ ನೆಡಬೇಕು ಅನಿಸಿದರೆ ಗಾಳಿಮರ ಬೇಡ. ಆಡಿನ ಗೊರಸಿನಂಥ ಎಲೆಯ, ನೇರಳೆ ಹೂವಿನ ಬಳ್ಳಿ ಅಲ್ಲೇ ಇರುತ್ತದಲ್ವಾ, ಅದನ್ನು ತುಳಿಯದೆ ಬಿಟ್ಟರೆ ಸಾಕು. ಗಾಳಿ ತಂದ ಮರಳನ್ನು ಅದು ಹಿಡಿದುಕೊಳ್ಳುತ್ತದೆ, ಆಮೆಗೆ ದಾರಿಯನ್ನೂ ಬಿಡುತ್ತದೆ.