ಕಿಡ್ನಿಯ ಸಣ್ಣ ಗಡ್ಡೆಗೆ ಸೂಜಿ ಬಯಾಪ್ಸಿ: ಮಾಡಿಸುವ ಮುಂಚೆ ಕೇಳುವುದು, ಆಮೇಲೆ ಓದುವುದು

ಪಿತ್ತಕೋಶದ ಕಲ್ಲು ನೋಡಲು ಹೋದ ಸ್ಕ್ಯಾನಿಂಗಿನಲ್ಲಿ ನನ್ನ ಎಡ ಕಿಡ್ನಿಯ ಗಡ್ಡೆ ಸಿಕ್ಕಿತು. 2.4 ಸೆಂಟಿಮೀಟರ್. 4 ಸೆಂಟಿಮೀಟರಿನವರೆಗೂ ಡಾಕ್ಟರುಗಳ ಲೆಕ್ಕದಲ್ಲಿ ಅದು 'ಸಣ್ಣದು'. ನಿದ್ದೆ ಕೆಡಿಸಲು ಅಷ್ಟೇ ಸಾಕಾಯಿತು.

ಇಂಥ ಗಡ್ಡೆಗಳಲ್ಲಿ ಸುಮಾರು ಐದಕ್ಕೆ ಒಂದು ಕ್ಯಾನ್ಸರೇ ಅಲ್ಲ. ಸೂಜಿ ಹಾಕಿ ಗಡ್ಡೆಯ ತುಂಡು ತೆಗೆದು ಪರೀಕ್ಷಿಸುವುದು, ಅಂದರೆ ಬಯಾಪ್ಸಿ, ಅದಕ್ಕೇ. ಆದರೆ ಒಪ್ಪಿಕೊಳ್ಳುವ ಮುಂಚೆ ಒಂದು ಮಾತು ಕೇಳಿ: "ರಿಪೋರ್ಟ್ ನೋಡಿ ಮುಂದಿನ ಚಿಕಿತ್ಸೆ ಬದಲಾಗುತ್ತಾ?" ಹೇಗಿದ್ದರೂ ಆಪರೇಷನ್ ಮಾಡಿಸಿಯೇ ತೀರುತ್ತೇನೆ ಅನ್ನುವವರಿಗೆ ಸುಮ್ನೆ ಯಾಕೆ ಚುಚ್ಚಿಸಿಕೊಳ್ಳಬೇಕು? ಸಿಟಿ ಸ್ಕ್ಯಾನಿನಲ್ಲಿ ಗಡ್ಡೆಯೊಳಗೆ ಕೊಬ್ಬು ಸ್ಪಷ್ಟವಾಗಿ ಕಂಡರೆ ಅದು ಸಾಮಾನ್ಯವಾಗಿ ಆಂಜಿಯೋಮಯೋಲಿಪೋಮಾ ಅನ್ನುವ, ಕ್ಯಾನ್ಸರ್ ಅಲ್ಲದ ಗಡ್ಡೆ. ಅದಕ್ಕೂ ಸೂಜಿ ಬೇಕಾಗುವುದಿಲ್ಲ. ನೀರು ತುಂಬಿದ ಗುಳ್ಳೆಯಂಥದ್ದಾದರೆ ಸೂಜಿಗೆ ಸಿಗುವ ಮಾಂಸವೇ ಕಡಿಮೆ, ಉತ್ತರವನ್ನೂ ಅಷ್ಟಾಗಿ ನಂಬಲಾಗದು. ಶಾಖದಿಂದಲೋ ಹೆಪ್ಪುಗಟ್ಟಿಸಿಯೋ ಗಡ್ಡೆಯನ್ನು ಸಾಯಿಸುವ ಯೋಚನೆ ಇದ್ದರಂತೂ ಮೊದಲೇ ಬಯಾಪ್ಸಿ ಆಗಲಿ. ಸುಟ್ಟ ಮೇಲೆ ಅದು ಏನಾಗಿತ್ತು ಅಂತ ಹೇಳುವವರು ಯಾರು?

ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮರೆಯದೆ ಹೇಳಿ. ನಾನು ಆಸ್ಪಿರಿನ್ ವಿಷಯ ಹೇಳಿದ್ದು ಟೇಬಲ್ ಹತ್ತಿರ ಹೋದ ಮೇಲೆ. ವಾಪಸ್ ಕಳಿಸಿದರು, ತಪ್ಪು ನನ್ನದೇ. ಹಾಗಂತ ನೀವೇ ನಿಲ್ಲಿಸಿಬಿಡಬೇಡಿ. ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರೇ ಹೇಳಲಿ.

ಬೋರಲು ಮಲಗಿಸಿ, ಬೆನ್ನಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಿಟಿ ಅಥವಾ ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಇಳಿಸುತ್ತಾರೆ. ಉಸಿರು ಹಿಡಿಯಿರಿ ಅಂದಾಗ ಹಿಡಿಯಬೇಕು, ಯಾಕೆಂದರೆ ಉಸಿರಾಡಿದಂತೆ ಕಿಡ್ನಿಯೂ ಮೇಲೆ ಕೆಳಗೆ ಹೋಗುತ್ತದೆ. ಟಪ್ ಅಂತ ಸ್ಟೇಪ್ಲರಿನಂಥ ಸದ್ದು. ಎಳೆಯಂಥ ತುಂಡುಗಳು ಕನಿಷ್ಠ ಎರಡು ಬೇಕು. ಬರೀ ಜೀವಕೋಶ ಎಳೆದುಕೊಳ್ಳುವ ತೆಳು ಸೂಜಿಗಿಂತ ತುಂಡು ತೆಗೆಯುವ ಸೂಜಿಯ ಉತ್ತರವೇ ನಂಬಿಕೆಗೆ ಅರ್ಹ. ಯಾವುದು ಹಾಕುತ್ತಾರೆ ಅಂತ ಕೇಳಲು ಸಂಕೋಚ ಬೇಡ. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಹರಡೀತು ಅನ್ನುವ ಭಯ ನನಗೂ ಇತ್ತು. ಅದು ಆಗಿಯೇ ಇಲ್ಲ ಅಂತಲ್ಲ, ಆದರೆ ಬಹಳ ಬಹಳ ಅಪರೂಪ. ಜಾಸ್ತಿ ಕಾಣುವುದು ಕಿಡ್ನಿ ಸುತ್ತ ಸ್ವಲ್ಪ ರಕ್ತ ಕಟ್ಟುವುದು, ಮೂತ್ರ ಕೆಂಪಾಗುವುದು. ಜ್ವರ, ತಡೆಯಲಾಗದ ನೋವು, ಮೂತ್ರದಲ್ಲಿ ಗಡ್ಡೆಗಟ್ಟಿದ ರಕ್ತ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ.

ಈಗ ರಿಪೋರ್ಟ್. ನಾನು ಎಡವಿದ್ದು ಇಲ್ಲೇ.

ಮೊದಲ ರಿಪೋರ್ಟಿನಲ್ಲಿ 'ಮಾಮೂಲಿ ಕಿಡ್ನಿ ಅಂಗಾಂಶ, ಕ್ಯಾನ್ಸರ್ ಕಂಡಿಲ್ಲ' ಅಂತ ಇತ್ತು. ಎಲ್ಲರಿಗೂ ಫೋನ್ ಮಾಡಿ ಗೆದ್ದೆ ಅಂದೆ. ಹೆಂಡತಿ ಕಾಗದ ನೋಡಿ ಕೇಳಿದಳು: "ಅಲ್ಲ, ಗಡ್ಡೆ ಇರೋದು ನಿಜ ತಾನೇ? ಹಾಗಾದ್ರೆ ಇವರಿಗೆ ಸಿಕ್ಕಿರೋದು ಅದರ ಪಕ್ಕದ್ದು, ಅಲ್ವಾ?" ಅವಳು ಹೇಳಿದ್ದೇ ಸರಿ. ಸೂಜಿ ಗಡ್ಡೆಗೆ ತಾಗಿರಲೇ ಇಲ್ಲ. ಇದಕ್ಕೆ 'ನಾನ್-ಡಯಾಗ್ನೋಸ್ಟಿಕ್' ಅನ್ನುತ್ತಾರೆ. ಹತ್ತಕ್ಕೆ ಒಂದು ಸಲ, ಕೆಲವೊಮ್ಮೆ ಅದಕ್ಕೂ ತುಸು ಜಾಸ್ತಿ, ಹೀಗಾಗುತ್ತದೆ. ಗಡ್ಡೆ ಚಿಕ್ಕದಾದಷ್ಟೂ ತಪ್ಪುವುದು ಹೆಚ್ಚು. ಅದು 'ಕ್ಯಾನ್ಸರ್ ಇಲ್ಲ' ಅನ್ನುವ ಉತ್ತರ ಅಲ್ಲ, ಉತ್ತರವೇ ಅಲ್ಲ. ಎರಡನೇ ಸಲ ಮಾಡಿಸಿದರೆ ಬಹುಪಾಲು ಜನರಿಗೆ ಉತ್ತರ ಸಿಗುತ್ತದೆ.

'ಕ್ಯಾನ್ಸರ್' ಅಂತ ಬಂದರೆ ಅದು ಸುಳ್ಳಾಗುವುದು ತೀರಾ ವಿರಳ. ಯಾವ ಬಗೆಯದು ಅನ್ನುವುದೂ ಹೆಚ್ಚಾಗಿ ಸರಿಯಾಗೇ ಇರುತ್ತದೆ. ಗ್ರೇಡ್, ಅಂದರೆ ಕ್ಯಾನ್ಸರ್ ಎಷ್ಟು ಉಗ್ರ ಅನ್ನುವ ಅಂದಾಜು, ಮಾತ್ರ ಅಷ್ಟು ಗಟ್ಟಿಯಲ್ಲ. ಒಂದಗುಳು ಹಿಚುಕಿ ನೋಡುವ ಲೆಕ್ಕ ಇಲ್ಲಿ ನಡೆಯದು, ಗಡ್ಡೆಯ ಒಂದು ಮೂಲೆ ಇನ್ನೊಂದರ ಹಾಗೆ ಇರುವುದಿಲ್ಲ. ಆಪರೇಷನ್ ಆದ ಮೇಲೆ ಗ್ರೇಡ್ ಏರಿದ್ದೂ ಉಂಟು.

ನನ್ನ ಎರಡನೇ ರಿಪೋರ್ಟ್ 'ಆಂಕೋಸೈಟಿಕ್ ನಿಯೋಪ್ಲಾಸಂ' ಅಂದಿತು. ನಿರಪಾಯದ ಆಂಕೋಸೈಟೋಮಾ, ಕ್ರೋಮೋಫೋಬ್ ಅನ್ನುವ ಕ್ಯಾನ್ಸರ್, ಇವೆರಡೂ ಸೂಕ್ಷ್ಮದರ್ಶಕದಲ್ಲಿ ಅವಳಿಗಳಂತೆ. ಸಣ್ಣ ತುಂಡಿನಲ್ಲಿ ಪೆಥಾಲಜಿಸ್ಟ್ (ತುಂಡನ್ನು ಪರೀಕ್ಷಿಸುವ ಡಾಕ್ಟರ್) ಖಡಾಖಂಡಿತ ಹೇಳದಿದ್ದರೆ ಅದು ಪ್ರಾಮಾಣಿಕತೆ. ಇಂಥ ರಿಪೋರ್ಟ್ ಬಂದರೆ ಸ್ಲೈಡ್ ಮತ್ತು ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಕೇಳಿ ಪಡೆದು, ಕಿಡ್ನಿ ಗಡ್ಡೆಗಳನ್ನೇ ಜಾಸ್ತಿ ನೋಡುವ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ. ನಾನು ತೋರಿಸಿದೆ, ಅವರು ಆಂಕೋಸೈಟೋಮಾ ಕಡೆಗೆ ವಾಲಿದರು. ಸದ್ಯಕ್ಕೆ ಗಡ್ಡೆ ಅಲ್ಲೇ ಇದೆ, ಹೋದ ಸಲದ ಅಳತೆ 2.5. ಮುಂದಿನ ಸ್ಕ್ಯಾನಿಗೆ ಹಳೆಯ ಸಿಡಿಗಳನ್ನೂ ಕಟ್ಟಿಕೊಂಡು ಹೋಗುತ್ತೇನೆ.