ಶೈಲಾಕ್‌ನ ಕೋರ್ಟ್ ಸೀನ್ ಓದೋದು ಹೇಗೆ, ಪೆನ್ಸಿಲ್ ಹಿಡ್ಕೊಂಡು

ಷೇಕ್ಸ್‌ಪಿಯರ್‌ನ ಮರ್ಚೆಂಟ್ ಆಫ್ ವೆನಿಸ್ ನಾಟಕ ಅಂದ್ರೆ ತುಂಬಾ ಜನಕ್ಕೆ ನೆನಪಿರೋದು ಇಷ್ಟೇ, ಸಾಲ ತೀರಿಸ್ದೇ ಇದ್ರೆ ಯಹೂದಿ ಲೇವಾದೇವಿಗಾರ ಶೈಲಾಕ್‌ಗೆ ಮೈಯಿಂದ ಒಂದು ಪೌಂಡ್ ಮಾಂಸ ಕೊಡ್ಬೇಕು ಅನ್ನೋ ಬಾಂಡ್, ಮಾಂಸ ತಗೋ ಆದ್ರೆ ಒಂದ್ ಹನಿ ರಕ್ತನೂ ಬೀಳಬಾರ್ದು ಅನ್ನೋ, ವಕೀಲನ ವೇಷದಲ್ಲಿ ಬಂದ ಪೋರ್ಷಿಯಾ ಐಡಿಯಾ, ಚಪ್ಪಾಳೆ. ಆದ್ರೆ ನೇರವಾಗಿ ಅಲ್ಲಿಗೆ ಹಾರ್ಬೇಡಿ.

ಶುರು ಮಾಡ್ಬೇಕಾದ್ದು ಒಂದನೇ ಅಂಕದ ಮೂರನೇ ದೃಶ್ಯದಿಂದ. 3000 ಡಕಟ್ (ಚಿನ್ನದ ನಾಣ್ಯ), ಮೂರು ತಿಂಗಳು, ಸಾಲ ಬೇಕಾಗಿರೋದು ಮುಂದೆ ಪೋರ್ಷಿಯಾನ ಮದುವೆ ಆಗೋ ಬಸಾನಿಯೋಗೆ, ಬಾಂಡ್ ಬರ್ಕೊಡೋದು ಅವನ ಗೆಳೆಯ, ವ್ಯಾಪಾರಿ ಆಂಟೋನಿಯೋ. ಶೈಲಾಕ್ ಕೇಳ್ತಾನೆ, ನೀನು ನನ್ನನ್ನ ನಾಯಿ ಅಂದೆ, ಗಡ್ಡಕ್ಕೆ ಉಗಿದೆ, ಈಗ ದುಡ್ಡು ಬೇಕಾ ಅಂತ. ಆಂಟೋನಿಯೋ ತಪ್ಪಾಯ್ತು ಅನ್ನಲ್ಲ, ಇನ್ನೂ ಉಗಿತೀನಿ, ಶತ್ರುಗೆ ಕೊಟ್ಟಂಗೆ ಕೊಡು ಅಂತಾನೆ. ಅದಕ್ಕೆ ಅಂಡರ್‌ಲೈನ್ ಹಾಕಿ. ಪಕ್ಕದಲ್ಲೇ ಇನ್ನೊಂದಿದೆ, ಇವನು ಬಡ್ಡಿ ಇಲ್ದೆ ಸಾಲ ಕೊಟ್ಟು ನಮ್ಮ ಬಡ್ಡಿ ರೇಟ್ ಇಳಿಸ್ತಾನೆ ಅನ್ನೋ ಶೈಲಾಕ್ ಗೊಣಗಾಟ, ಅಂದ್ರೆ ದ್ವೇಷದಲ್ಲಿ ಧರ್ಮನೂ ಇದೆ ವ್ಯಾಪಾರನೂ ಇದೆ.

ಹಿನ್ನೆಲೆ ಸ್ವಲ್ಪ ಗೊತ್ತಿರ್ಲಿ. ಬಡ್ಡಿ ಪಾಪ ಅಂತ ಚರ್ಚು ಹೇಳ್ತಿತ್ತು, ಯಹೂದಿಗಳಿಗೆ ಬೇರೆ ಎಷ್ಟೋ ಕಸುಬಿಗೆ ಬಾಗಿಲು ಮುಚ್ಚಿತ್ತು, ವೆನಿಸ್‌ನಲ್ಲಿ 1516ರಿಂದ ಅವರನ್ನ ಘೆಟ್ಟೋ ಅನ್ನೋ ಪ್ರತ್ಯೇಕ ಕೇರಿಯಲ್ಲಿಟ್ಟು ರಾತ್ರಿ ಗೇಟಿಗೆ ಬೀಗ ಹಾಕ್ತಿದ್ರು. ಇಂಗ್ಲೆಂಡ್ ಅಂತೂ 1290ರಲ್ಲೇ ಯಹೂದಿಗಳನ್ನ ಓಡಿಸಿತ್ತು. ಹಾಗಂತ ಅಲ್ಲಿ ಬಡ್ಡಿ ವ್ಯವಹಾರ ನಿಂತಿರ್ಲಿಲ್ಲ, 1570ರಲ್ಲಿ ಷೇಕ್ಸ್‌ಪಿಯರ್ ಅಪ್ಪನ ಮೇಲೇ ಬಡ್ಡಿ ಕೇಸ್ ಬಿದ್ದಿತ್ತು!

ಆಮೇಲೆ ಮೂರನೇ ಅಂಕ. ಯಹೂದಿಗೆ ಕಣ್ಣಿಲ್ವಾ ಅನ್ನೋ ಶೈಲಾಕ್ ಮಾತನ್ನ ಎಲ್ರೂ ಅರ್ಧಕ್ಕೇ ಕಟ್ ಮಾಡ್ತಾರೆ, ದಯವಿಟ್ಟು ಕೊನೆವರೆಗೂ ಓದಿ, ಅದು ಹೋಗಿ ನಿಲ್ಲೋದು ಸೇಡಿನ ಹತ್ರ, ನೀವು ಕಲಿಸಿದ್ದನ್ನೇ ಮಾಡ್ತೀನಿ ಅಂತ. ಅದೇ ದೃಶ್ಯದಲ್ಲಿ, ಒಡವೆ ಎತ್ಕೊಂಡು ಲೊರೆಂಜೋ ಜೊತೆ ಓಡಿಹೋದ ಮಗಳು ಜೆಸ್ಸಿಕಾ ಆ ಒಡವೆ ಹಾಕ್ಕೊಂಡೇ ನನ್ನ ಕಾಲಡಿ ಸತ್ತು ಬಿದ್ದಿರ್ಲಿ ಅಂತಾನೆ, ಒಂದು ಕ್ಷಣ ಬಿಟ್ಟು ಲಿಯಾ (ಅವನ ಹೆಂಡತಿ ಅಂತ ಸಾಮಾನ್ಯವಾಗಿ ಅಂದ್ಕೊಳ್ತಾರೆ) ಕೊಟ್ಟ ಉಂಗುರನ ಅವಳು ಒಂದು ಕೋತಿ ತಗೊಳ್ಳೋಕೆ ಕೊಟ್ಬಿಟ್ಲು ಅಂತ ಕೇಳಿ ಒದ್ದಾಡ್ತಾನೆ. ಎರಡನ್ನೂ ಗುರುತು ಹಾಕಿ, ಒಂದನ್ನೇ ಇಟ್ಕೊಂಡ್ರೆ ನಿಮ್ಮ ಶೈಲಾಕ್ ಬರೀ ರಾಕ್ಷಸ ಇಲ್ಲಾ ಬರೀ ಪಾಪದವನು ಆಗ್ಬಿಡ್ತಾನೆ.

ಈಗ ಕೋರ್ಟ್, ನಾಲ್ಕನೇ ಅಂಕ, ಸಾಲ ಗಡುವಿನೊಳಗೆ ತೀರದೆ ಶೈಲಾಕ್ ಮಾಂಸ ಕೇಳ್ತಿದ್ದಾನೆ. ಇಲ್ಲಿ ನಿಧಾನ. ಅವನನ್ನ ಶೈಲಾಕ್ ಅಂತ ಹೆಸರು ಹಿಡಿದು ಎಷ್ಟು ಸಲ ಕರೀತಾರೆ, ಯಹೂದಿ ಅಂತ ಎಷ್ಟು ಸಲ, ಮಾರ್ಜಿನ್‌ನಲ್ಲಿ ಗೀಟು ಹಾಕ್ತಾ ಹೋಗಿ. ಯಹೂದಿ ಕರುಣೆ ತೋರಿಸ್ಲೇಬೇಕು ಅಂತಾಳೆ ಪೋರ್ಷಿಯಾ, ಯಾಕೆ, ಯಾರ ಬಲವಂತ ಅಂತಾನೆ ಅವನು, ಆ ಪ್ರಶ್ನೆಗೆ ಉತ್ತರವಾಗೇ ಆ ಫೇಮಸ್ ಭಾಷಣ ಬರೋದು, ಕರುಣೆ ಬಲವಂತದಿಂದ ಬರಲ್ಲ, ಮಳೆ ಥರ ತಾನಾಗೇ ಸುರಿಯುತ್ತೆ ಅಂತ. ಶೈಲಾಕ್ ಕರಗಲ್ಲ, ಮೂರು ಪಟ್ಟು ದುಡ್ಡೂ ಬೇಡ, ಗಾಯ ಕಟ್ಟೋಕೆ ವೈದ್ಯನೂ ಬೇಡ, ಬಾಂಡ್‌ನಲ್ಲಿ ಬರ್ದಿಲ್ಲ ಅಂತಾನೆ. ಅದನ್ನ ಮರೆಮಾಚಿ ಓದ್ಬೇಡಿ.

ರಕ್ತದ ಟ್ರಿಕ್ ಆದ್ಮೇಲೆ ಇನ್ನೊಂದು ಕಾನೂನು ಹೊರಗೆ ಬರುತ್ತೆ, ಪರಕೀಯನೊಬ್ಬ ವೆನಿಸ್ ಪ್ರಜೆಯ ಪ್ರಾಣಕ್ಕೆ ಹೊಂಚು ಹಾಕಿದ್ರೆ ಅರ್ಧ ಆಸ್ತಿ ಆ ಪ್ರಜೆಗೆ, ಅರ್ಧ ಸರ್ಕಾರಕ್ಕೆ, ಪ್ರಾಣ ವೆನಿಸ್ ಆಳೋ ಡ್ಯೂಕ್ ಕೈಲಿ. ಇಲ್ಲಿ ಪುಟ ಹಿಂದಕ್ಕೆ ತಿರುಗಿಸಿ ಮೂರನೇ ಅಂಕದ ಮೂರನೇ ದೃಶ್ಯ ನೋಡಿ, ಡ್ಯೂಕ್ ಕಾನೂನು ತಪ್ಪಿಸೋಕಾಗಲ್ಲ, ಪರದೇಶದವರ ಹಕ್ಕು ಕಿತ್ಕೊಂಡ್ರೆ ಊರಿನ ವ್ಯಾಪಾರಕ್ಕೇ ಪೆಟ್ಟು ಅಂತ ಸ್ವತಃ ಆಂಟೋನಿಯೋ ಹೇಳಿರ್ತಾನೆ. ಈಗ ಅದೇ ಆಂಟೋನಿಯೋ ಷರತ್ತು ಇಡ್ತಾನೆ, ಶೈಲಾಕ್ ಕ್ರಿಶ್ಚಿಯನ್ ಆಗ್ಬೇಕು ಅಂತ. ಒಪ್ಪಲ್ಲ ಅಂದ್ರೆ ಪ್ರಾಣ ಉಳಿಸಿ ಕೊಟ್ಟ ಕ್ಷಮೆ ವಾಪಸ್ ಅಂತಾನೆ ಡ್ಯೂಕ್. ಮಳೆ ಥರ ಸುರಿಯೋ ಕರುಣೆ ಅಂತ ಓದಿದ್ರಲ್ಲ, ಅಲ್ಲಿಂದ ಇಲ್ಲಿಗೆ ಒಂದು ಬಾಣ ಎಳೀರಿ.

ನಾಟಕ ಆಡೋರಿದ್ರೆ, ಒಪ್ಪಿದೆ ಅಂತ ಶೈಲಾಕ್ ಹೇಳೋ ಮುಂಚೆ ಆತುರ ಬೇಡ, ಬಸಾನಿಯೋ ಗೆಳೆಯ ಗ್ರಾಷಿಯಾನೋ ಮಾಡೋ ಗೇಲಿಗೆ ಪ್ರೇಕ್ಷಕರು ನಕ್ಕರೂ ಪರವಾಗಿಲ್ಲ, ನಗಲಿ. ಮೈ ಸರಿಯಿಲ್ಲ, ಹೋಗೋಕೆ ಬಿಡಿ ಅಂತ ಹೊರಟೋನು ಮತ್ತೆ ರಂಗಕ್ಕೆ ಬರಲ್ಲ.

ಐದನೇ ಅಂಕ ಸ್ಕಿಪ್ ಮಾಡ್ಬೇಡಿ. ಬೆಳದಿಂಗಳು, ಸಂಗೀತ, ಗಂಡಂದಿರು ಕೊಟ್ಬಿಟ್ಟ ಉಂಗುರದ ತಮಾಷೆ, ಕಾಮಿಡಿ ಅಂತ 1623ರ ಫೋಲಿಯೋದಲ್ಲಿ (ಷೇಕ್ಸ್‌ಪಿಯರ್ ನಾಟಕಗಳ ಸಂಗ್ರಹ) ಸೇರಿಸಿದ್ದು ಸುಮ್ನೆ ಅಲ್ಲ. ಆದ್ರೆ ಪೆನ್ಸಿಲ್ ಜೆಸ್ಸಿಕಾ ಮೇಲೇ ಇರ್ಲಿ. ಇಂಪಾದ ಸಂಗೀತ ಕೇಳಿದ್ರೆ ನನಗೆ ಖುಷಿ ಆಗೋದೇ ಇಲ್ಲ ಅಂತಾಳೆ. ಆಮೇಲೆ ಅಪ್ಪ ಸತ್ಮೇಲೆ ಆಸ್ತಿ ಇವರಿಗೆ ಅನ್ನೋ ಪತ್ರ ಬರುತ್ತೆ, ಲೊರೆಂಜೋ ಹಿಗ್ಗಿ ಹೋಗ್ತಾನೆ, ಅವಳು ಅಲ್ಲೇ ಇರ್ತಾಳೆ, ಮಾತಿಲ್ಲ.